ಕಥೆಯ ಕೆಳಗೆ ‘ನೀತಿ’ ಯಾಕೆ?

ಮಾನ್ಯರೇ,

ನಿಮ್ಮ ಮಕ್ಕಳ ಪುಟದ ಪ್ರತಿ ಕಥೆಯ ಕೆಳಗೂ ದಪ್ಪಕ್ಷರದಲ್ಲಿ ‘ನೀತಿ’ ಇರುತ್ತದೆ. ನನ್ನ ಮೊಮ್ಮಗಳು ಮೊದಲು ಅದನ್ನೇ ಓದಿ, ಕಥೆ ಬಿಟ್ಟು ಪುಟ ತಿರುಗಿಸುತ್ತಾಳೆ!

ಬೈಬಲಿನಲ್ಲಿ ದಾವೀದ ರಾಜ ಇನ್ನೊಬ್ಬನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡು, ಗಂಡನನ್ನು ಯುದ್ಧದಲ್ಲಿ ಸಾಯಿಸಿರುತ್ತಾನೆ. ಪ್ರವಾದಿ ನಾತಾನ ಬಂದವನೇ ಬೈಯುವುದಿಲ್ಲ. ಸುಮ್ನೆ ಒಂದು ಕಥೆ ಹೇಳುತ್ತಾನೆ. ಹಿಂಡುಗಟ್ಟಲೆ ಕುರಿಯಿದ್ದ ಸಾಹುಕಾರ, ಬಡವನ ಒಂದೇ ಒಂದು ಮುದ್ದಿನ ಕುರಿಮರಿಯನ್ನು ಕಿತ್ತುಕೊಂಡು ಅತಿಥಿಗೆ ಅಡುಗೆ ಮಾಡಿಸಿದನಂತೆ. ದಾವೀದ ಉರಿದುಬಿದ್ದು, ಅವನಿಗೆ ಸಾವೇ ಸರಿ ಅನ್ನುತ್ತಾನೆ. ಆಮೇಲೆ ನಾತಾನ, ‘ಆ ಮನುಷ್ಯ ನೀನೇ’ ಅನ್ನುತ್ತಾನೆ. ತೀರ್ಪು ಕೊಟ್ಟವನು ರಾಜನೇ, ಅಲ್ವಾ? ನೀತಿಯನ್ನೇ ಮೊದಲು ಹೇಳಿದ್ದರೆ ನಾತಾನನ ತಲೆ ಉಳಿಯುತ್ತಿತ್ತೋ ಇಲ್ಲವೋ!

ಮುಂದಿನ ವಾರದಿಂದ ಆ ಸಾಲು ಕೈಬಿಡಿ. ಜಾಗ ಉಳಿದರೆ ಒಂದು ಚಿತ್ರ ಹಾಕಿ.

– ನಿವೃತ್ತ ಶಿಕ್ಷಕಿ