ಸೊಪ್ಪಿನ ಜೊತೆ ಮಾತ್ರೆಯ ಮಾತೂ ಇರಲಿ

ಮಾನ್ಯ ಸಂಪಾದಕರೇ,

ವಯಸ್ಸಾದವರ ರಕ್ತಸಂಚಾರಕ್ಕೆ ಏನು ತಿಂದರೆ ಒಳ್ಳೆಯದು ಎಂಬ ನಿಮ್ಮ ಆರೋಗ್ಯ ಪುಟದ ಲೇಖನ ಓದಿದೆ. ಹಸಿರು ಸೊಪ್ಪು, ಬೀಟ್‌ರೂಟ್ ತಿನ್ನಿ ಎಂದದ್ದು ಸರಿಯೇ. ಅವುಗಳಲ್ಲಿರುವ ನೈಟ್ರೇಟನ್ನು ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ಅದು ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳದ ಬಿಗಿ ಸಡಿಲಿಸುತ್ತದೆ. (ಕ್ರಿಮಿನಾಶಕ ಮೌತ್‌ವಾಶ್‌ನಲ್ಲಿ ದಿನವೂ ಬಾಯಿ ಮುಕ್ಕಳಿಸುವವರು ಆ ಬ್ಯಾಕ್ಟೀರಿಯಾಗಳನ್ನೇ ಕೊಂದುಕೊಳ್ಳುತ್ತಾರೆ, ಅದು ಬೇರೆ ಮಾತು.)

ಆದರೆ ಇಡೀ ಲೇಖನದಲ್ಲಿ ಮಾತ್ರೆಗಳ ಸುದ್ದಿಯೇ ಇಲ್ಲ. ಎಪ್ಪತ್ತು ದಾಟಿದವರಲ್ಲಿ ಎಷ್ಟೋ ಜನರ ತಟ್ಟೆಯ ಪಕ್ಕ ಮಾತ್ರೆ ಡಬ್ಬಿ ಇದ್ದೇ ಇರುತ್ತದೆ. ನನ್ನ ತಾಯಿ ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಇಂಥದ್ದೇ ಬರಹವೊಂದನ್ನು ಓದಿ ಹಿಂದೊಮ್ಮೆ ಹತ್ತು ದಿನ ಎರಡು ಹೊತ್ತೂ ಸೊಪ್ಪು ತಿಂದರು. ಮುಂದಿನ ರಕ್ತಪರೀಕ್ಷೆಯಲ್ಲಿ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಅಂಕಿ, 2.4ರಿಂದ 1.6ಕ್ಕೆ ಇಳಿದಿತ್ತು. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಗಾಬರಿಬಿದ್ದು ಸೊಪ್ಪು ಮುಟ್ಟುವುದನ್ನೇ ಬಿಟ್ಟರು. ಅದೂ ತಪ್ಪೇ, ಆಗ ಅಂಕಿ ಮೇಲಕ್ಕೇರಿ ರಕ್ತಸ್ರಾವದ ಭಯ. ಬಿಡಲೂ ಬೇಡಿ, ಹೆಚ್ಚಿಸಲೂ ಬೇಡಿ, ಪ್ರತಿವಾರ ಅಷ್ಟಷ್ಟೇ ಇರಲಿ ಎಂದರು ವೈದ್ಯರು. ಈಗ ಅಮ್ಮನಿಗೆ ಸೊಪ್ಪಿಗೆಂದೇ ಒಂದು ಬಟ್ಟಲಿದೆ. ಅದು ತುಂಬಿದರೆ ಮುಗಿಯಿತು, ಎಷ್ಟು ಒತ್ತಾಯ ಮಾಡಿದರೂ ಇನ್ನೊಂದು ಚಮಚ ಹಾಕಿಸಿಕೊಳ್ಳುವುದಿಲ್ಲ.

ಉಪ್ಪಿನದೂ ಇದೇ ಕಥೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಯಸ್ಸಾದಂತೆ ರುಚಿ ಮಂದವಾಗುವುದರಿಂದ ಕೈ ತಾನಾಗಿ ಉಪ್ಪಿನ ಕಡೆ ಹೋಗುತ್ತದೆ. ನಮ್ಮ ತಂದೆಯಂತೂ ತುತ್ತು ಬಾಯಿಗಿಡುವ ಮೊದಲೇ ಉದುರಿಸಿಕೊಳ್ಳುತ್ತಿದ್ದರು. ಇದಕ್ಕೆ ನಿಮ್ಮ ಲೇಖಕರು ಸೂಚಿಸಿದ ಉಪಾಯ ಕಡಿಮೆ ಸೋಡಿಯಂನ ಉಪ್ಪು. ಅಂಥ ಉಪ್ಪಿನಲ್ಲಿ ಸೋಡಿಯಂ ಬದಲು ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಗಟ್ಟಿಯಾಗಿರುವವರಿಗೆ ಒಳ್ಳೆಯದೇ. ಮೂತ್ರಪಿಂಡ ಸೋತವರಲ್ಲಿ ಅಥವಾ ಎನಲಾಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ ನುಂಗುವವರಲ್ಲಿ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವೇ ತಾಳ ತಪ್ಪಬಹುದು. ಅದಕ್ಕಿಂತ ಅಡುಗೆಗೆ ಹಾಕುವ ಉಪ್ಪನ್ನೇ ಸ್ವಲ್ಪಸ್ವಲ್ಪ ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಮೊದಲ ವಾರ ಗೊಣಗಾಟ ಕೇಳಿಸಿಕೊಳ್ಳಬೇಕು, ಅಷ್ಟೇ.

ಇಂಥ ಲೇಖನಗಳನ್ನು ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡು ಪಾಲಿಸುವವರು ಹಿರಿಯರೇ. ಆದ್ದರಿಂದ ಮುಂದಿನ ಸಲ ಯಾವ ಮಾತ್ರೆಯವರು ಯಾವುದನ್ನು ವೈದ್ಯರಲ್ಲಿ ಕೇಳಿಯೇ ತಿನ್ನಬೇಕು ಎಂಬುದನ್ನು ಲೇಖನದ ತಲೆಯಲ್ಲೇ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.

ಇಂತಿ,
ನಿಮ್ಮ ಹಳೆಯ ಓದುಗ