ಪಾತ್ರಗಳ ಮೇಲಿನ ಮಮತೆ ನಗೆಪಾಟಲಾಗದಿರಲಿ

ಮಾನ್ಯರೇ,

ಧಾರಾವಾಹಿಯ ಸೊಸೆಗೆ ಕಷ್ಟ ಬಂದಾಗ ಕಣ್ಣೀರಿಡುವ ಹಿರಿಯರನ್ನು ಮನೆಮಂದಿಯೇ ಗೇಲಿ ಮಾಡುವುದು ಸರಿಯಲ್ಲ. ಕಥೆಯ ಪಾತ್ರಗಳನ್ನು ಮನೆಯವರೆಂದೇ ಭಾವಿಸುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಶ್ರೀಕೃಷ್ಣ ಪಾರಿಜಾತವೆಂಬ ಜನಪದ ನಾಟಕವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಈ ನೆಲದಲ್ಲಿ ಆ ಆಟ ಆಡಿದ ಮರುದಿನವೂ ಕಟ್ಟೆಯ ಮೇಲೆ ರುಕ್ಮಿಣಿ, ಸತ್ಯಭಾಮೆಯರ ಪರ ವಾದ ನಡೆಯುತ್ತಿತ್ತು. ಭಾಮೆಯ ಸೊಕ್ಕನ್ನು ಓಣಿಯ ಹೆಣ್ಣುಮಗಳದ್ದೆಂಬಂತೆ ಬೈಯುತ್ತಿದ್ದರು. ಅಂದು ಆ ಮಾತಿಗೆ ಜೊತೆಗಾರರಿದ್ದರು. ಇಂದು ಮಕ್ಕಳು ಪುಣೆ, ಬೆಂಗಳೂರು ಸೇರಿದ್ದಾರೆ, ಟಿವಿ ಮುಂದೆ ವೃದ್ಧರು ಒಬ್ಬರೇ. (ವಾಹಿನಿಗಳು ರಾತ್ರೋರಾತ್ರಿ ಕಲಾವಿದರನ್ನು ಬದಲಿಸುವ ಸಂಕಟ ಬೇರೆ!) ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ವಾರಕ್ಕೊಂದು ಸಂಜೆ ಹಿರಿಯರಿಗೆ ಕಥೆ ಓದಿ ಹೇಳಿ, ಪಾತ್ರಗಳ ಕುರಿತು ಹರಟುವ ಕೂಟ ಏರ್ಪಡಿಸಬೇಕು. ಗ್ರಂಥಪಾಲಕರು ಮನಸ್ಸು ಮಾಡಿದರೆ ಇದಕ್ಕೆ ಹೆಚ್ಚಿನ ಅನುದಾನವೇನೂ ಬೇಕಿಲ್ಲ.

– ಓದುಗರೊಬ್ಬರು, ಮೂಡಲಗಿ, ಬೆಳಗಾವಿ ಜಿಲ್ಲೆ