ಗೋಕುಲ ರೋಡಿನ ಅಣ್ಣಾರಿಗೆ ಥ್ಯಾಂಕ್ಸ್

ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ವರ್ಕ್‌ಶಾಪ್ ನಡೆಸುವ ಅಣ್ಣಾರು. ನಮ್ಮ ಹಳೆಯ ಮಿಲ್ಲಿಂಗ್ ಮಷೀನಿಗೆ, ಕಂಪ್ಯೂಟರಿನಿಂದಲೇ ಮಷೀನ್ ಓಡಿಸುವ ಸಾಫ್ಟ್‌ವೇರ್ ಆದ ಲಿನಕ್ಸ್‌ಸಿಎನ್‌ಸಿ ಕೂರಿಸುವುದನ್ನು ಕಲಿಸಿದವರು ಅವರೇ. ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಕೂತು ಹೇಳಿಕೊಡುವವರು ಸಿಗಬೇಕಲ್ವಾ?

ನನಗೆ ಮೋಟರ್ ತಿರುಗುವುದನ್ನು ನೋಡುವ ಅವಸರ. ಅವರು, "ತಡಿ ತಮ್ಮಾ, ಮೊದಲ ಕಂಪ್ಯೂಟರ್ ಹೆಂಗೈತಿ ನೋಡೂಣು" ಅಂದರು. ಕಂಪ್ಯೂಟರ್ ಎಷ್ಟು ತಡ ಮಾಡುತ್ತದೆ ಅಂತ ಅಳೆಯುವ ಲೇಟೆನ್ಸಿ ಟೆಸ್ಟ್ ಓಡಿಸಿ, ಅದರ ಜೊತೆಗೇ ಫೈಲ್ ಕಾಪಿ ಮಾಡಿಸಿದರು, ಹಾಡು ಹಾಕಿಸಿದರು, ವಿಂಡೋಗಳನ್ನು ಎಳೆದಾಡಿಸಿದರು. ಕಂಪ್ಯೂಟರಿನ ಪ್ಯಾರಲಲ್ ಪೋರ್ಟಿನಿಂದ ಮೋಟರಿಗೆ ಪಲ್ಸ್ ಹೋಗುವಾಗ ಕಂಪ್ಯೂಟರ್ ಸ್ವಲ್ಪ ತಡ ಮಾಡಿದರೂ ಸ್ಟೆಪ್ಪರ್ ಮೋಟರ್ ಮುಗ್ಗರಿಸುತ್ತದೆ. ಜಿಟರ್, ಅಂದರೆ ಆ ತಡದ ಏರುಪೇರು, 15ರಿಂದ 20 ಸಾವಿರ ನ್ಯಾನೋಸೆಕೆಂಡಿನೊಳಗಿದ್ದರೆ ಚಿಂತೆಯಿಲ್ಲ. ಲಕ್ಷ ದಾಟಿದರೆ ಆ ಕಂಪ್ಯೂಟರ್ ಈ ಕೆಲಸಕ್ಕೆ ಬೇಡ, ಎಷ್ಟೇ ಹೊಸದಿರಲಿ.

ಸ್ಕೇಲ್ ಲೆಕ್ಕವನ್ನು, ಅಂದರೆ ಒಂದು ಮಿಮೀ ಸರಿಯಲು ಎಷ್ಟು ಪಲ್ಸ್ ಬೇಕು ಅನ್ನುವುದನ್ನು, ಸೀಮೆಸುಣ್ಣದಲ್ಲಿ ನೆಲದ ಮೇಲೇ ಬರೆದರು. ಮೋಟರಿನ ಒಂದು ಸುತ್ತಿಗೆ 200 ಸ್ಟೆಪ್, ಮೋಟರ್ ಓಡಿಸುವ ಡ್ರೈವರಿನಲ್ಲಿ ಒಂದು ಸ್ಟೆಪ್ಪಿಗೆ 8 ಮೈಕ್ರೋಸ್ಟೆಪ್, ಒಟ್ಟು 1600 ಪಲ್ಸ್. ಮೋಟರಿಗೆ ನೇರ ಜೋಡಿಸಿದ, ಮಷೀನಿನ ಭಾಗ ಸರಿಸುವ ಬಾಲ್‌ಸ್ಕ್ರೂ ಸುತ್ತಿಗೆ 5 ಮಿಮೀ ಸರಿದರೆ, ಒಂದು ಮಿಮೀಗೆ 320. ಮಷೀನಿನ ಸೆಟ್ಟಿಂಗ್ ಇರುವ ಐಎನ್ಐ ಫೈಲಿಗೆ ಹೋಗುವುದು ಅದೇ ಅಂಕಿ.

ಹ್ಯಾಲ್ ಫೈಲ್ ಮಾತ್ರ ಸುಲಭಕ್ಕೆ ತಲೆಗೆ ಹತ್ತಲಿಲ್ಲ. "ಇದು ಪ್ಯಾನಲ್ ಬೋರ್ಡಿನ ವೈರಿಂಗ್ ಇದ್ದಂಗ. ಯಾವ ಪಿನ್ನಿನಿಂದ ಯಾವ ಪಿನ್ನಿಗೆ, ಅಷ್ಟ" ಅಂದ ಮೇಲೆ ಸಾಲುಗಳು ಅರ್ಥವಾಗತೊಡಗಿದವು. ಎಮರ್ಜೆನ್ಸಿ ಬಟನ್ ವಿಷಯದಲ್ಲಿ ಮಾತ್ರ ಭಾರೀ ಕಟ್ಟುನಿಟ್ಟು. ಅದು ಮೋಟರ್ ಪವರನ್ನೇ ಕಡಿಯಬೇಕು, ಸಾಫ್ಟ್‌ವೇರನ್ನು ನಂಬಿ ಕೂರಬಾರದು ಅಂತ ಖುದ್ದು ನಿಂತು ವೈರ್ ಹಾಕಿಸಿದರು.

ದುಡ್ಡು ಮುಟ್ಟಲಿಲ್ಲ. ಗಿರ್ಮಿಟ್ಟು, ಮಿರ್ಚಿಗೆ ಮಾತ್ರ ಬೇಡ ಅನ್ನಲಿಲ್ಲ. ಅಣ್ಣಾರೇ, ಕೊನೆ ಮುಟ್ಟಿದಾಗ ಮಷೀನ್ ನಿಲ್ಲಿಸುವ ಲಿಮಿಟ್ ಸ್ವಿಚ್ ತಂದಿಟ್ಟಿದ್ದೇನೆ, ಬಿಡುವಾದಾಗ ಬನ್ನಿ.